ಕ್ಯಾರವಾನಿನ ಹಿಂದೆ ಕಾರು ಕಟ್ಟುವ ಮುನ್ನ: ನಮ್ಮ ಎರಡು ತಿಂಗಳ ಅನುಭವ

ಹೋದ ಮಂಗಳವಾರ ಸಂಜೆ ನಮ್ಮ ಸಣ್ಣ ಕಾರು ದುರಸ್ತಿ ಮುಗಿಸಿಕೊಂಡು ಬಳ್ಳಾರಿಯ ಮನೆಗೆ ಬಂತು. ಅದರ ಹಿಂದಿನ ಭಾನುವಾರ, ಎಂಜಿನ್ ನಿಂತುಹೋಗಿದ್ದ ಅದೇ ಕಾರಿನ ಸ್ಟೇರಿಂಗ್ ಹಿಡಿದು, ನಮ್ಮ ಕ್ಯಾರವಾನಿಗೆ (ಒಳಗೆ ಹಾಸಿಗೆ, ಶೌಚಾಲಯ ಇರುವ ಮನೆಯಂಥ ಮೋಟಾರು ಗಾಡಿಗೆ) ಹಗ್ಗ ಕಟ್ಟಿಸಿಕೊಂಡು, ಕಾರಟಗಿಯಿಂದ ಗಂಗಾವತಿಗೆ ಬರುವ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಬಂದಿದ್ದೆ. ಆ ನಾಲ್ಕು ಕಿಲೋಮೀಟರಿನಲ್ಲಿ ಕಲಿತದ್ದನ್ನೂ ಅದಕ್ಕೆ ಮೊದಲಿನ ಎರಡು ತಿಂಗಳ ಓಡಾಟದಲ್ಲಿ ತಿಳಿದದ್ದನ್ನೂ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಈಚೆಗೆ ನಮ್ಮ ಭಾಗದಲ್ಲೂ ಕ್ಯಾರವಾನ್ ಕೊಳ್ಳುವವರು ಒಬ್ಬಿಬ್ಬರು ಕಾಣುತ್ತಿದ್ದಾರೆ. ಅದರ ಹಿಂದೆ ಒಂದು ಸಣ್ಣ ಕಾರನ್ನೂ ಕಟ್ಟಿಕೊಂಡು ಹೋಗೋಣ ಎಂಬ ಆಸೆ ಅವರಿಗೂ ಬಂದೇ ಬರುತ್ತದೆ.

ನಮ್ಮ ಅತ್ತೆಯವರಿಗೆ ಎಂಬತ್ತೆರಡು ವರ್ಷ. ಮಂಡಿನೋವಿನಿಂದ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕುಳಿತಿರಲಾರರು, ಆದರೆ ಊರು ನೋಡುವ ಆಸೆ ಇನ್ನೂ ತೀರಿಲ್ಲ. ಅವರು ಮಲಗಿಕೊಂಡೇ ಪ್ರಯಾಣ ಮಾಡಲಿ, ಶೌಚಾಲಯಕ್ಕೆ ದಾರಿಯಲ್ಲಿ ಪರದಾಡುವುದು ಬೇಡ ಎಂದು ಯಜಮಾನರು ನಿವೃತ್ತಿಯ ಹಣದಲ್ಲಿ ಹಳೆಯ ಕ್ಯಾರವಾನ್ ಒಂದನ್ನು ಕೊಂಡರು. ಆರ್‌ಸಿಯಲ್ಲಿ ಅದು ಮೋಟರ್ ಕ್ಯಾರವಾನ್ ಎಂದೇ ನಮೂದಾಗಿದೆಯೇ ಎಂಬುದನ್ನು ಮೊದಲು ನೋಡಿಕೊಂಡೆವು. ವ್ಯಾನ್ ಎಂದು ನೋಂದಣಿಯಾಗಿ ಒಳಗೆ ಹಾಸಿಗೆ, ಒಲೆ ಜೋಡಿಸಿದ ಗಾಡಿಗಳು ಕಡಿಮೆ ಬೆಲೆಗೆ ಸಿಗುತ್ತವೆ, ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅನುಮತಿಯಿಲ್ಲದ ಅಂಥ ಮಾರ್ಪಾಡು ಕೊಂಡವರ ತಲೆಗೇ ಬರುತ್ತದೆ. ನಮ್ಮ ಗಾಡಿಯ ಒಟ್ಟು ತೂಕ 7,500 ಕಿಲೋಗ್ರಾಮಿನೊಳಗೇ ಇರುವುದರಿಂದ ಅದು ಲಘು ವಾಹನವೆನಿಸಿಕೊಂಡು, ಯಜಮಾನರ ಸಾಮಾನ್ಯ ಲೈಸೆನ್ಸೇ ಸಾಕಾಯಿತು. ನಮೂನೆ 29 ಮತ್ತು 30 ತುಂಬಿ ಹೆಸರು ಬದಲಾಯಿಸಿಕೊಂಡೆವು. ಹೀಗೆ ಕೊಳ್ಳುವವರು ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕೆಂಬುದನ್ನು ಮರೆಯಬಾರದು.

ಕ್ಯಾರವಾನ್ ಬಂದ ಮೇಲೆ ಮೊದಲ ತೊಡಕು ಗೊತ್ತಾಯಿತು. ಹೆದ್ದಾರಿಯಲ್ಲಿ ಅದು ಅರಮನೆಯಂತೆ ಸಾಗುತ್ತದೆ. ಊರಿನೊಳಗಿನ ಓಣಿಗೆ ಇಳಿದರೆ ಎದುರಿಗೆ ಒಂದು ಎತ್ತಿನಗಾಡಿ ಬಂದರೂ ಸಾಕು, ಹಿಂದಕ್ಕೂ ಮುಂದಕ್ಕೂ ಹೋಗಲಾಗುವುದಿಲ್ಲ. ಇಟಗಿಯ ಮಹಾದೇವ ದೇವಾಲಯಕ್ಕಾಗಲಿ ಆನೆಗೊಂದಿಯ ಓಣಿಗಳಿಗಾಗಲಿ ಅತ್ತೆಯವರನ್ನು ಕರೆದೊಯ್ಯಲು ಸಣ್ಣ ಕಾರೇ ಬೇಕು. ನನ್ನ ತಮ್ಮನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯವರು ದೊಡ್ಡ ಮೋಟರ್‌ಹೋಮಿನ ಹಿಂದೆ ಕಾರನ್ನು ನಾಲ್ಕೂ ಚಕ್ರ ನೆಲದ ಮೇಲೆ ಉರುಳುವಂತೆ ಕಟ್ಟಿಕೊಂಡು ಸಾವಿರಾರು ಕಿಲೋಮೀಟರ್ ಹೋಗುವುದನ್ನು ವಿಡಿಯೊ ಕರೆಯಲ್ಲಿ ತೋರಿಸಿದ. ಕಾರಿನ ಮುಂಭಾಗದ ಚೌಕಟ್ಟಿಗೆ ಒಂದು ತಳಪಟ್ಟಿ, ಅದಕ್ಕೆ ಸಿಕ್ಕಿಸುವ ಉಕ್ಕಿನ ತೋಳು, ತೋಳು ಕಳಚಿದರೂ ಕಾರು ಬಿಟ್ಟುಹೋಗದಂತೆ ಎರಡು ಸರಪಳಿ, ಹಿಂದಿನ ದೀಪಗಳಿಗೆ ಪ್ರತ್ಯೇಕ ವೈರು, ಮುಂದಿನ ಗಾಡಿಯ ಜೊತೆಗೇ ಕಾರಿನ ಬ್ರೇಕನ್ನೂ ಒತ್ತುವ ಒಂದು ಯಂತ್ರ, ಎಲ್ಲವೂ ಇದ್ದವು. ನೋಡಿ ನಮಗೂ ಉತ್ಸಾಹ ಉಕ್ಕಿತು.

ಮರುದಿನವೇ ಬಳ್ಳಾರಿಯ ವೆಲ್ಡಿಂಗ್ ಅಂಗಡಿಯೊಂದಕ್ಕೆ ಹೋದೆವು. ಟ್ರ್ಯಾಕ್ಟರ್ ಟ್ರೇಲರಿಗೆ ಕೊಂಡಿ ಹಾಕಿ ಪಳಗಿದ ಕೈಗಳು ಅವು. "ಇದೇನ್ ದೊಡ್ಡ ಕೆಲಸ ಅಲ್ರಿ ಸರ್, ಮೂರು ದಿನದಾಗ ಮಾಡಿಕೊಡ್ತೀನಿ" ಎಂದು ಇಪ್ಪತ್ತೆರಡು ಸಾವಿರ ರೂಪಾಯಿ ಹೇಳಿದರು. ನಾವು ಮೂರು ಸಾವಿರ ಮುಂಗಡ ಕೊಟ್ಟು ಬಂದೆವು. ಆ ರಾತ್ರಿ ನನಗೇಕೋ ಸಮಾಧಾನವಾಗಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳು ನಾನು, ನಿಯಮ ಏನಿದೆಯೆಂದು ಓದದೆ ಕೆಲಸಕ್ಕೆ ಕೈಹಾಕಿ ಅಭ್ಯಾಸವಿಲ್ಲ. ಬೆಳಿಗ್ಗೆ ಕಾರು, ಕ್ಯಾರವಾನ್ ಎರಡರ ಆರ್‌ಸಿ ಮತ್ತು ವಿಮಾ ಪತ್ರಗಳ ಪ್ರತಿಗಳನ್ನು ಹಿಡಿದು ಸಾರಿಗೆ ಕಚೇರಿಗೆ ಹೋದೆ.

ಮೊದಲ ದಿನ ಕೇಳಬೇಕಾದವರು ಸಿಗಲಿಲ್ಲ. ಎರಡನೆಯ ದಿನ ಮಧ್ಯಾಹ್ನದವರೆಗೆ ಕಾದೆ. ಮೂರನೆಯ ಸಲ ಸಿಕ್ಕ ಮೋಟಾರು ವಾಹನ ನಿರೀಕ್ಷಕರು ಮಾತ್ರ ಹತ್ತು ನಿಮಿಷ ಕೂರಿಸಿಕೊಂಡು ವಿವರವಾಗಿ ಹೇಳಿದರು, ಅವರಿಗೆ ನಾನು ಋಣಿ. ಅವರು ಹೇಳಿದ್ದರ ಸಾರ ಇಷ್ಟು. ಒಂದು ಮೋಟಾರು ವಾಹನ ಇನ್ನೊಂದನ್ನು ಎಳೆಯಬೇಕಾದರೆ ಹಿಂದಿನದು ಕೆಟ್ಟು ನಿಂತ ವಾಹನವಾಗಿರಬೇಕು, ಇಲ್ಲವೇ ಜೋಡಣೆ ಪೂರ್ಣವಾಗದ ವಾಹನ, ನೋಂದಾಯಿತ ಟ್ರೇಲರ್ ಅಥವಾ ಸೈಡ್‌ಕಾರ್ ಆಗಿರಬೇಕು. 1989ರ ರಸ್ತೆ ನಿಯಮಗಳಲ್ಲೇ ಈ ಮಾತು ಇತ್ತು. ಚೆನ್ನಾಗಿ ಓಡುತ್ತಿರುವ ಕಾರನ್ನು ಅನುಕೂಲಕ್ಕೆಂದು ಕಟ್ಟಿಕೊಂಡು ಊರೂರು ತಿರುಗಲು ಅದರಲ್ಲಿ ಅವಕಾಶವಿರಲಿಲ್ಲ. ಕೆಟ್ಟ ಕಾರನ್ನು ಎಳೆಯುವಾಗಲೂ ಅದರ ಚಾಲಕನ ಆಸನದಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು, ಇಲ್ಲವೇ ಸ್ಟೇರಿಂಗಿಗೆ ತಿರುಗುವ ಚಕ್ರಗಳು ಕ್ರೇನಿನಿಂದ ನೆಲ ಬಿಟ್ಟು ಮೇಲೆದ್ದಿರಬೇಕು. ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ಹಗ್ಗ ಇತರರಿಗೆ ಸುಲಭವಾಗಿ ಕಾಣುವಂತಿರಬೇಕು. ಹಿಂದಿನ ಗಾಡಿಗೆ ಬಿಳಿಯ ಹಿನ್ನೆಲೆಯ ಮೇಲೆ ಕನಿಷ್ಠ 75 ಮಿಲಿಮೀಟರ್ ಎತ್ತರದ ಕಪ್ಪು ಅಕ್ಷರಗಳಲ್ಲಿ 'ಆನ್ ಟೋ' (ಎಳೆದೊಯ್ಯಲಾಗುತ್ತಿದೆ) ಎಂಬ ಫಲಕ ಬೇಕು. ವೇಗ ಗಂಟೆಗೆ 24 ಕಿಲೋಮೀಟರ್ ಮೀರಬಾರದು ಎಂದು 1989ರ ನಿಯಮಗಳಲ್ಲಿ ಇತ್ತು. 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಿದೆ, ಓಡುವ ಕಾರನ್ನು ಎಳೆದೊಯ್ಯುವ ವಿಚಾರವನ್ನೇ ಬಿಟ್ಟುಬಿಡಿ ಎಂದು ಅವರು ಖಚಿತವಾಗಿ ಹೇಳಿದರು.

ಕಾರನ್ನು ಟ್ರೇಲರಿನ ಮೇಲೇರಿಸಿ ಒಯ್ಯಬಹುದಲ್ಲ ಎಂದು ಕೇಳಿದೆ. ಟ್ರೇಲರಿಗೆ ಬೇರೆಯೇ ನೋಂದಣಿ ಆಗಬೇಕು, ಕ್ಯಾರವಾನಿನ ತಯಾರಕರು ಎಷ್ಟು ತೂಕ ಎಳೆಯಬಹುದೆಂದು ಹೇಳಿದ್ದಾರೋ ಅಷ್ಟರೊಳಗೇ ಇರಬೇಕು, ಕೊಂಡಿಯ ಜೋಡಣೆಗೂ ಅನುಮತಿ ಬೇಕು ಎಂದರು. ನಮ್ಮ ಗಾಡಿಯ ಕೈಪಿಡಿಯಲ್ಲಿ ಎಳೆಯುವ ತೂಕದ ಮಾತೇ ಇರಲಿಲ್ಲ. ಕಾರು ಮತ್ತು ಟ್ರೇಲರ್ ಸೇರಿದರೆ ಒಂದು ಟನ್ ಮೀರುವುದು ಖಂಡಿತ. ಅಲ್ಲಿಗೆ ಆ ವಿಚಾರವನ್ನು ಕೈಬಿಟ್ಟು, ಯಜಮಾನರು ಕ್ಯಾರವಾನ್ ಓಡಿಸುವುದು, ನಾನು ಕಾರಿನಲ್ಲಿ ಹಿಂಬಾಲಿಸುವುದು ಎಂದು ನಿಶ್ಚಯಿಸಿದೆವು. ವೆಲ್ಡಿಂಗ್ ಅಂಗಡಿಯವರು ಕಬ್ಬಿಣ ತಂದಾಗಿದೆಯೆಂದು ಸಾವಿರ ರೂಪಾಯಿ ಹಿಡಿದುಕೊಂಡು ಎರಡು ಸಾವಿರ ಹಿಂದಿರುಗಿಸಿದರು. ಬಂದ ಹಣದಲ್ಲಿ ಆರುನೂರೈವತ್ತು ರೂಪಾಯಿಗೆ ನಾಲ್ಕು ಮೀಟರ್ ಉದ್ದದ, ಎರಡೂ ತುದಿಗೆ ಉಕ್ಕಿನ ಕೊಕ್ಕೆ ಇರುವ ಹಳದಿ ಎಳೆಹಗ್ಗವೊಂದನ್ನು ಕೊಂಡು ಕ್ಯಾರವಾನಿನಲ್ಲಿಟ್ಟೆ. ಅದು ಅಷ್ಟು ಬೇಗ ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು!

ಆಗಸ್ಟ್ ಕೊನೆಯ ವಾರ ಸಿರುಗುಪ್ಪ, ಸಿಂಧನೂರು ಮಾರ್ಗವಾಗಿ ಮಸ್ಕಿಗೆ ಹೋದೆವು. ಅಶೋಕನ ಹೆಸರನ್ನೇ ಹೇಳುವ, 1915ರಲ್ಲಿ ಬೆಳಕಿಗೆ ಬಂದ ಶಾಸನವನ್ನು ಅತ್ತೆಯವರಿಗೆ ತೋರಿಸಿ, ರಾತ್ರಿ ಅಲ್ಲೇ ಕಳೆದು, ಭಾನುವಾರ ಬೆಳಿಗ್ಗೆ ಆನೆಗೊಂದಿಗೆಂದು ಹೊರಟೆವು. ಸಿಂಧನೂರಿನಲ್ಲಿ ಪೆಟ್ರೋಲ್ ಹಾಕಿಸುವುದಿತ್ತು. ಬಂಕಿನಲ್ಲಿ ಸಾಲು ಉದ್ದವಿದ್ದುದರಿಂದ ಗಂಗಾವತಿಯಲ್ಲಿ ಹಾಕಿಸೋಣವೆಂದು ಮುಂದೆ ಬಂದೆ. ಟ್ಯಾಂಕಿನ ಮುಳ್ಳು ಕೆಳಗಿನ ಗೆರೆಯ ಹತ್ತಿರವಿತ್ತು. ಕಾರಟಗಿ ದಾಟಿ ಶ್ರೀರಾಮನಗರ ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ಕಾರು ಎರಡು ಸಲ ಮುಗ್ಗರಿಸಿ ಸುಮ್ಮನಾಯಿತು. ರಸ್ತೆಯ ಎರಡೂ ಬದಿ ಕಾಲುವೆ ನೀರು ತುಂಬಿದ ಗದ್ದೆಗಳು, ನಾಟಿ ಹಾಕುತ್ತಿದ್ದ ಹೆಣ್ಣುಮಕ್ಕಳು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಝಾರ್ಡ್ ದೀಪ ಹಾಕಿ, ತ್ರಿಕೋನದ ಪ್ರತಿಫಲಕವನ್ನು ಐವತ್ತು ಹೆಜ್ಜೆ ಹಿಂದೆ ಇಟ್ಟು, ಯಜಮಾನರಿಗೆ ಫೋನ್ ಮಾಡಿದೆ.

ವಿಮೆಯ ಜೊತೆಗೆ ರಸ್ತೆ ನೆರವಿನ ಸೌಲಭ್ಯ ಕೊಂಡಿದ್ದೆವು. ಕರೆ ಮಾಡಿದಾಗ ಪಾಲಿಸಿ ಸಂಖ್ಯೆ, ಗಾಡಿಯ ಸಂಖ್ಯೆ ಕೇಳಿದರು. ಹತ್ತಿರದ ಗುರುತು ಏನೆಂದರು. ಗದ್ದೆಯ ನಡುವೆ ಯಾವ ಗುರುತು ಹೇಳಲಿ? ಕೊನೆಗೆ ಸ್ಥಳದ ನಕ್ಷೆಯನ್ನು ಮೊಬೈಲಿನಿಂದ ಕಳುಹಿಸಿದ ಮೇಲೆ, ಹೊಸಪೇಟೆಯಿಂದ ಗಾಡಿ ಬರಬೇಕು, ಮೂರು ಗಂಟೆಯಾಗಬಹುದು ಎಂದರು. ಒಂದು ಗಂಟೆ ಕಾದೆವು. ಕ್ಯಾರವಾನಿನೊಳಗೆ ಸೆಕೆ ಹೆಚ್ಚಿ ಅತ್ತೆಯವರಿಗೆ ಉಸಿರುಗಟ್ಟಿದಂತಾಗತೊಡಗಿತು. ಭತ್ತದ ಸಸಿ ಹೊತ್ತು ಬಂದ ಟ್ರ್ಯಾಕ್ಟರಿನವರು ನಿಲ್ಲಿಸಿ, "ಅಮ್ಮಾರ, ನಮ್ಮ ಗಾಡಿಗೆ ಕಟ್ರಿ, ಹತ್ತು ನಿಮಿಷದಾಗ ಒಯ್ದು ಬಿಡ್ತೀನಿ" ಎಂದರು. ಒಳ್ಳೆಯ ಮನಸ್ಸಿನ ಮಾತು. ಆದರೆ ಅವರ ಟ್ರೇಲರಿನ ಹಿಂದೆ ಕಟ್ಟಿದರೆ ನಾನು ಬ್ರೇಕ್ ಹಾಕಿದ್ದೂ ಅವರಿಗೆ ತಿಳಿಯದು ಎಂದು ನಯವಾಗಿ ಬೇಡವೆಂದು, ಕ್ಯಾರವಾನಿಗೇ ಕಟ್ಟುವುದೆಂದು ತೀರ್ಮಾನಿಸಿದೆವು. ಹತ್ತಿರದ ಗ್ಯಾರೇಜಿನವರೆಗೆ ಒಯ್ಯಲು ನಿಯಮದಲ್ಲಿ ಅವಕಾಶವಿದೆ ಎಂಬುದು ನಿರೀಕ್ಷಕರು ಹೇಳಿದ್ದರಿಂದ ಗೊತ್ತಿತ್ತು.

ಎಳೆಯುವ ಕೊಕ್ಕೆ ಎಲ್ಲಿ ಹಾಕುವುದೆಂದು ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ನಮ್ಮ ಕಾರಿನಲ್ಲಿ ಸ್ಟೆಪ್ನಿಯ ಪಕ್ಕದ ಸಾಮಾನಿನ ಚೀಲದಲ್ಲಿ ಹೆಬ್ಬೆರಳು ಗಾತ್ರದ ಉಕ್ಕಿನ ಬಳೆಯೊಂದು ಇರುತ್ತದೆ. ಮುಂದಿನ ಬಂಪರಿನಲ್ಲಿ ಬಣ್ಣದೊಳಗೇ ಬೆರೆತಿರುವ ಚೌಕದ ಮುಚ್ಚಳ ತೆಗೆದು, ಅದರ ಹಿಂದಿನ ತೂತಿಗೆ ಆ ಬಳೆಯನ್ನು ತಿರುಗಿಸಿ ಹಾಕಿ, ಚಕ್ರ ಬಿಚ್ಚುವ ಪಾನದ (ಸ್ಪ್ಯಾನರಿನ) ಹಿಡಿಯನ್ನು ತೂರಿಸಿ ಬಿಗಿ ಮಾಡಬೇಕು. ನಾನು ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಿದೆ. ತೂತಿನೊಳಗಿನ ತಿರುಪಿನ ಗೆರೆಗಳಲ್ಲಿ ಮಣ್ಣು ತುಂಬಿ ಮೊದಲ ಎರಡು ಸಲ ಅಡ್ಡ ಹಿಡಿಯಿತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ ಮೇಲೆ ಸಲೀಸಾಗಿ ಇಳಿಯಿತು. ಬಂಪರಿಗೋ ಆಕ್ಸಲಿಗೋ ಹಗ್ಗ ಕಟ್ಟುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾರವಾನಿನ ಗೋಡೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಬಿಳಿಯ ಬೆನ್ನಿಗೆ ಕಪ್ಪು ಮಾರ್ಕರಿನಿಂದ ದಪ್ಪ ಅಕ್ಷರಗಳಲ್ಲಿ 'ಆನ್ ಟೋ' ಎಂದು ಬರೆದು ಕಾರಿನ ಹಿಂದಿನ ಗಾಜಿಗೆ ಅಂಟಿಸಿದೆ. ಹಗ್ಗದ ನಡುಮಧ್ಯಕ್ಕೆ ಅತ್ತೆಯವರ ಕೆಂಪು ಟವೆಲ್ ಕಟ್ಟಿದೆವು. ಒಂದು ಹಾರ್ನ್ ಎಂದರೆ ನಿಧಾನ, ಎರಡು ಎಂದರೆ ನಿಲ್ಲಿಸಿ ಎಂದು ಮಾತಾಡಿಕೊಂಡೆವು.

ಕಾರಿನೊಳಗೆ ಕುಳಿತವರ ಪಾಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೀಲಿಯನ್ನು ಆನ್ ಸ್ಥಾನದಲ್ಲೇ ಬಿಡಬೇಕು. ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ, ತಿರುವಿನಲ್ಲಿ ಅದೊಂದು ಸಾಕು ಪ್ರಾಣಕ್ಕೆ ಎರವಾಗಲು. ಗೇರ್ ನ್ಯೂಟ್ರಲಿನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿರಬೇಕು. ಎಂಜಿನ್ ಓಡದಿದ್ದರೆ ಬ್ರೇಕಿಗೆ ಬಲ ಕೊಡುವ ನಿರ್ವಾತ ಸಿಗುವುದಿಲ್ಲ. ಮೊದಲ ಎರಡು ಮೂರು ಒತ್ತಿಗೆ ಉಳಿದದ್ದು ಮುಗಿದುಹೋಗಿ, ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ತೊಡೆಯ ಬಲವನ್ನೆಲ್ಲ ಹಾಕಿ ಒತ್ತಬೇಕು. ಸ್ಟೇರಿಂಗೂ ಹಾಗೆಯೇ, ಎರಡು ಕೈಯಲ್ಲಿ ಎಳೆದು ತಿರುಗಿಸಬೇಕು. ನಿಂತಲ್ಲೇ ಒಮ್ಮೆ ಒತ್ತಿ ನೋಡಿಕೊಂಡದ್ದರಿಂದ ನಾನು ಗಾಬರಿಯಾಗಲಿಲ್ಲ.

ಯಜಮಾನರು ಮೊದಲ ಗೇರಿನಲ್ಲಿ ತೆವಳುತ್ತಾ ಹಗ್ಗ ಬಿಗಿಯಾಗುವವರೆಗೆ ಹೋಗಿ, ಆಮೇಲೆ ಮೆಲ್ಲನೆ ಎಳೆದರು. ನನ್ನ ಕಣ್ಣೆಲ್ಲ ಆ ಕೆಂಪು ಟವೆಲಿನ ಮೇಲೆ. ಹಗ್ಗ ಸಡಿಲವಾದರೆ ಟವೆಲ್ ನೆಲ ಮುಟ್ಟುತ್ತದೆ, ಆಗ ನಾನು ತುಸು ಬ್ರೇಕ್ ಒತ್ತಿ ಅದನ್ನು ಮತ್ತೆ ಮೇಲೆ ತರಬೇಕು. ಹಗ್ಗವನ್ನು ಸದಾ ಬಿಗಿಯಾಗಿಡುವ ಕೆಲಸ ಹಿಂದೆ ಕುಳಿತವರದು ಎಂಬುದು ಅರ್ಧ ಕಿಲೋಮೀಟರಿನಲ್ಲೇ ಅರ್ಥವಾಯಿತು. ಉಪಕಾಲುವೆಯ ಸೇತುವೆಯ ಬಳಿ ರಸ್ತೆ ಉಬ್ಬು ಬಂತು. ಕ್ಯಾರವಾನ್ ಉಬ್ಬೇರಿ ನಿಧಾನವಾದಾಗ ನನ್ನ ಕಾರು ತನ್ನಷ್ಟಕ್ಕೆ ಮುಂದೆ ಜಾರಿ, ಹಗ್ಗ ನೆಲಕ್ಕೆ ಬಿದ್ದು, ಟವೆಲ್ ಬಂಪರಿನ ಕೆಳಗೆ ಮರೆಯಾಯಿತು. ಅದು ಚಕ್ರಕ್ಕೆ ಸುತ್ತಿಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಎರಡು ಹಾರ್ನ್ ಹಾಕಿ, ಎರಡೂ ಕಾಲಿನಿಂದ ಬ್ರೇಕ್ ಒತ್ತಿದೆ. ಕಾರು ಕ್ಯಾರವಾನಿನ ಏಣಿಗೆ ಒಂದು ಮೊಳ ಉಳಿದಿರುವಾಗ ನಿಂತಿತು. ಇಳಿದು ಹಗ್ಗ ಬಿಡಿಸಿ, ನೀರು ಕುಡಿದು, ಮತ್ತೆ ಹೊರಟೆವು. ನಾಲ್ಕು ಕಿಲೋಮೀಟರಿಗೆ ಅರ್ಧ ಗಂಟೆ ಹಿಡಿಯಿತು. ಹಗ್ಗಕ್ಕಿಂತ ಗಟ್ಟಿ ರಾಡು ಎಷ್ಟೋ ಮೇಲು ಎಂದು ಗ್ಯಾರೇಜಿನವರು ಆಮೇಲೆ ಹೇಳಿದರು, ರಾಡಿನಲ್ಲಿ ಈ ಸಡಿಲವೂ ಇಲ್ಲ, ಮುಂದಿನ ಗಾಡಿಗೆ ಗುದ್ದುವ ಭಯವೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮದು ಕೈಯಿಂದ ಗೇರ್ ಹಾಕುವ ಕಾರಾದ್ದರಿಂದ ಇದು ಸಾಧ್ಯವಾಯಿತು. ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿಗೆ ಎಣ್ಣೆ ಹಾಯಿಸುವ ಪಂಪು ಸಾಮಾನ್ಯವಾಗಿ ಎಂಜಿನ್ ಓಡಿದಾಗ ಮಾತ್ರ ತಿರುಗುತ್ತದೆ. ಎಂಜಿನ್ ನಿಂತಿರುವಾಗ ಚಾಲನೆಯ ಚಕ್ರಗಳನ್ನು ನೆಲದ ಮೇಲೆ ಉರುಳಿಸುತ್ತಾ ಎಳೆದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಸವೆದು ಸುಟ್ಟುಹೋಗಬಹುದು. ಗೇರ್‌ಬಾಕ್ಸಿನ ದುರಸ್ತಿ ಲಕ್ಷ ರೂಪಾಯಿಯ ಮಾತು. ಅಂಥ ಕಾರು ಇರುವವರು ಕೈಪಿಡಿಯಲ್ಲಿ ಎಳೆಯುವ ಬಗ್ಗೆ ಬರೆದ ಪುಟವನ್ನು ಇಂದೇ ಓದಿಕೊಳ್ಳಲಿ. ಯಾರು ಎಷ್ಟೇ ಒತ್ತಾಯ ಮಾಡಿದರೂ ಹಗ್ಗಕ್ಕೆ ಒಪ್ಪದೆ, ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಗಾಡಿಗೇ ಕಾಯಲಿ.

ಶ್ರೀರಾಮನಗರದ ಅಕ್ಕಿ ಗಿರಣಿಗಳ ಸಾಲಿನಾಚೆ ಒಂದು ಗ್ಯಾರೇಜು ತೆರೆದಿತ್ತು. ಮೆಕ್ಯಾನಿಕ್ ಹಿಂದಿನ ಸೀಟಿನ ಮೇಲೆ ಕಿವಿಯಿಟ್ಟು, ನನಗೆ ಕೀಲಿ ತಿರುಗಿಸಲು ಹೇಳಿದರು. ಕೀಲಿ ಆನ್ ಮಾಡಿದೊಡನೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಎರಡು ಸೆಕೆಂಡು ಗುಂಯ್ ಎನ್ನಬೇಕಂತೆ. ಅದು ಸುಮ್ಮನಿತ್ತು. "ಅಕ್ಕಾರ, ಟ್ಯಾಂಕಿನಾಗ ಪೆಟ್ರೋಲ್ ಎಷ್ಟಿತ್ರಿ?" ಎಂದು ಕೇಳಿದರು. ನಾನು ಹೇಳಿದೆ. ಪಂಪು ಪೆಟ್ರೋಲಿನೊಳಗೆ ಮುಳುಗಿದ್ದರೆ ಮಾತ್ರ ತಂಪಾಗಿರುತ್ತದೆ, ಸದಾ ತಳ ಕಾಣುವಷ್ಟೇ ಹಾಕಿಸಿ ಓಡಿಸಿದರೆ ಬಿಸಿಯಾಗಿ ಬೇಗ ಹೋಗುತ್ತದೆ ಎಂದರು. ಇಷ್ಟು ವರ್ಷ ಕಾರು ಓಡಿಸಿಯೂ ಇದು ನನಗೆ ತಿಳಿದಿರಲಿಲ್ಲ. ಭಾನುವಾರ ಗಂಗಾವತಿಯಲ್ಲೂ ಬಿಡಿಭಾಗದ ಅಂಗಡಿ ತೆರೆದಿರಲಿಲ್ಲ. ವೈರಿನ ಕನೆಕ್ಟರು ಕೂಡ ಸುಟ್ಟಂತೆ ಕಂಡದ್ದರಿಂದ ಬಳ್ಳಾರಿಗೇ ಒಯ್ಯಿರಿ ಎಂದು ಸಲಹೆ ಕೊಟ್ಟರು. ನೋಡಿದ್ದಕ್ಕೆ ಇನ್ನೂರು ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ರಸ್ತೆ ನೆರವಿನವರ ಕರೆ ಬಂತು. ಕಾರು ಗ್ಯಾರೇಜಿನಲ್ಲಿದೆಯೆಂದು ನಾನು ಇದ್ದದ್ದನ್ನು ಹೇಳಿದೆ. ಹಾಗಾದರೆ ನಿಮ್ಮ ಕೋರಿಕೆ ಮುಗಿದಂತೆ, ಒಂದು ಗ್ಯಾರೇಜಿನಿಂದ ಇನ್ನೊಂದಕ್ಕೆ ಸಾಗಿಸುವುದು ನಮ್ಮ ಸೇವೆಯಲ್ಲಿಲ್ಲ ಎಂದುಬಿಟ್ಟರು. ಎಷ್ಟು ಕೇಳಿಕೊಂಡರೂ ಬದಲಾಗಲಿಲ್ಲ. ಕರಾರು ಪತ್ರವನ್ನು ಆಮೇಲೆ ಓದಿದೆ, ಅದರಲ್ಲಿ ಹಾಗೆಯೇ ಇದೆ. ಮೂರು ಗಂಟೆ ಆ ಗದ್ದೆಯ ಬದಿಯಲ್ಲೇ ಕಾದಿದ್ದರೆ ಕಾರು ನೇರ ಬಳ್ಳಾರಿಗೆ ಹೋಗುತ್ತಿತ್ತೇನೋ. ಆದರೆ ಅತ್ತೆಯವರ ಸ್ಥಿತಿ ನೋಡಿ ತೆಗೆದುಕೊಂಡ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ನಿಮಗೆ ಅಂಥ ತುರ್ತಿಲ್ಲದಿದ್ದರೆ, ನೆರವಿನವರಿಗೆ ಕರೆ ಮಾಡಿದ ಮೇಲೆ ಗಾಡಿಯನ್ನು ಸ್ಥಳದಿಂದ ಕದಲಿಸುವ ಮುನ್ನ ಅವರನ್ನು ಕೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟವರು 1033ಕ್ಕೆ ಕರೆ ಮಾಡಬಹುದು.

ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟು, ರಾತ್ರಿ ಗಂಗಾವತಿಯಲ್ಲಿ ಕಳೆದು, ಸೋಮವಾರ ಖಾಸಗಿ ಫ್ಲಾಟ್‌ಬೆಡ್ ಗೊತ್ತು ಮಾಡಿದೆವು. ಕಂಪ್ಲಿ ಮೇಲೆ ಬಳ್ಳಾರಿಗೆ ಆರು ಸಾವಿರದ ಐನೂರು ಎಂದು ಮಾತಾಯಿತು. ಆದರೆ ಅಣೆಕಟ್ಟಿನಿಂದ ನದಿಗೆ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿ, ಸಂಚಾರ ನಿಂತಿತ್ತು. ಚಾಲಕರು ಕಡೆಬಾಗಿಲು ಸೇತುವೆ ದಾಟಿ, ಬುಕ್ಕಸಾಗರ, ಕಮಲಾಪುರದ ಕಡೆಯಿಂದ ಸುತ್ತಿ ಹೆದ್ದಾರಿ 67 ಸೇರಬೇಕು ಎಂದು ಇನ್ನೂ ಸಾವಿರದ ಇನ್ನೂರು ಕೇಳಿದರು. ದಾರಿ ನಿಜಕ್ಕೂ ಹೆಚ್ಚಾಗಿದ್ದರಿಂದ ಚೌಕಾಸಿ ಮಾಡಲಿಲ್ಲ. ಮಳೆಗಾಲದಲ್ಲಿ ತುಂಗಭದ್ರೆಯ ಆಚೆ ಈಚೆ ಗಾಡಿ ಸಾಗಿಸುವವರು ಸೇತುವೆಯ ಸ್ಥಿತಿ ವಿಚಾರಿಸಿದ ಮೇಲೆಯೇ ಬಾಡಿಗೆ ಮಾತಾಡುವುದು ಒಳ್ಳೆಯದು.

ಕಾರು ಏರಿಸುವ ಮುನ್ನ ನಾಲ್ಕೂ ಬದಿಯ ಚಿತ್ರ, ಕಿಲೋಮೀಟರ್ ಮೀಟರಿನ ಚಿತ್ರ ತೆಗೆದುಕೊಂಡೆ. ಆರ್‌ಸಿ, ವಿಮೆಯ ಪ್ರತಿ ಮತ್ತು ಬಳ್ಳಾರಿಯ ಗ್ಯಾರೇಜಿನ ವಿಳಾಸವನ್ನು ಚಾಲಕರಿಗೆ ಕೊಟ್ಟೆ. ಹಿಂದಿನ ದಿನ ಹಾಕಿದ ಉಕ್ಕಿನ ಬಳೆಗೇ ವಿಂಚಿನ (ತಂತಿ ಸುತ್ತಿ ಎಳೆಯುವ ಯಂತ್ರದ) ತಂತಿ ಸಿಕ್ಕಿಸಿ ಎಳೆದರು. ಇಳಿಜಾರು ಹಲಗೆಗೆ ಬಂಪರ್ ತಾಗುವಂತಿತ್ತು, ಎರಡು ಮರದ ತುಂಡು ಕೊಡಲು ಹೇಳಿದ್ದರಿಂದ ಗೀರು ಬೀಳಲಿಲ್ಲ. ಪಟ್ಟಿಗಳನ್ನು ಚಕ್ರಗಳಿಗೇ ಬಿಗಿದರು. ಅದನ್ನು ನಿಂತು ನೋಡಿದ ಮೇಲೆಯೇ ಅರ್ಧ ಹಣ ಕೊಟ್ಟೆ.

ಬಳ್ಳಾರಿಯಲ್ಲಿ ಪಂಪು, ಕನೆಕ್ಟರು, ಕೂಲಿ ಸೇರಿ ಏಳು ಸಾವಿರದ ಎಂಟುನೂರೈವತ್ತು ರೂಪಾಯಿ ಬಿಲ್ಲಾಯಿತು. ಸಾಗಾಟದ ಏಳು ಸಾವಿರದ ಏಳುನೂರನ್ನು ವಿಮೆಯಿಂದ ಕೇಳಬಹುದೇ ಎಂದು ಪಾಲಿಸಿ ತೆಗೆದು ನೋಡಿದೆ. ಯಾಂತ್ರಿಕ ದೋಷಕ್ಕೆ ವಿಮೆ ಅನ್ವಯಿಸುವುದಿಲ್ಲ, ಅಪಘಾತವಾಗಿದ್ದರೆ ಗಾಡಿಯನ್ನು ಹತ್ತಿರದ ದುರಸ್ತಿ ಕೇಂದ್ರಕ್ಕೆ ಸಾಗಿಸಲು 1,500 ರೂಪಾಯಿಯವರೆಗೆ ಸಿಗುತ್ತಿತ್ತು. ಕ್ಯಾರವಾನಿನ ಪಾಲಿಸಿಯಲ್ಲಿ ಇನ್ನೊಂದು ಸಾಲಿತ್ತು: ಕೆಟ್ಟ ಒಂದು ವಾಹನವನ್ನು ಬಾಡಿಗೆಗಲ್ಲದೆ ಎಳೆಯುವಾಗ ಪಾಲಿಸಿ ಜಾರಿಯಲ್ಲಿರುತ್ತದೆ, ಆದರೆ ಎಳೆಸಿಕೊಳ್ಳುವ ವಾಹನಕ್ಕೆ ಆಗುವ ಹಾನಿಯನ್ನು ಕಂಪನಿ ತುಂಬಿಕೊಡುವುದಿಲ್ಲ. ಆ ಕಾಲುವೆ ಸೇತುವೆಯ ಬಳಿ ನಾನು ಕ್ಯಾರವಾನಿಗೆ ಗುದ್ದಿದ್ದರೆ ಕಾರಿನ ಖರ್ಚು ಆ ಪಾಲಿಸಿಯಿಂದ ಸಿಗುತ್ತಿರಲಿಲ್ಲ.

ಈಗ ಕ್ಯಾರವಾನಿನ ಹಾಸಿಗೆಯ ಕೆಳಗೆ ಹಗ್ಗದ ಬದಲು ಎರಡು ಮೀಟರಿನ ಉಕ್ಕಿನ ರಾಡು ಇದೆ, ತಗಡಿನ ಮೇಲೆ ಬರೆಸಿದ 'ಆನ್ ಟೋ' ಫಲಕವೂ ಇದೆ. ಆನೆಗೊಂದಿ ತಪ್ಪಿದ್ದಕ್ಕೆ ಅತ್ತೆಯವರು ಇನ್ನೂ ಬೇಸರದಲ್ಲಿದ್ದಾರೆ. ನದಿಯ ನೀರು ಇಳಿದ ಮೇಲೆ ಕಂಪ್ಲಿ ದಾರಿಯಲ್ಲೇ ಹೋಗೋಣವೆಂದು ಹೇಳಿ, ನಿನ್ನೆ ಕಾರಿನ ಟ್ಯಾಂಕನ್ನು ಪೂರ್ತಿ ತುಂಬಿಸಿಕೊಂಡು ಬಂದೆ.